ತಕರಾರಪ್ಪನವರ ಓದು

ಬೇರೆಯವರು ಬರೆದ ಕಂಪ್ಯೂಟರ್ ಕೋಡನ್ನು ಅವರು ತುಟಿ ಅಲುಗಿಸುತ್ತ ಓದುತ್ತಿದ್ದರು. ಮೊದಲು ಬೂದು ಕೋಟಿನ ಗುಂಡಿಗಳನ್ನೆಲ್ಲ ಹಾಕಿಕೊಂಡು, ನೆಟ್ಟಗೆ ಕುಳಿತು, ಪೆನ್ಸಿಲಿನ ಹಿಂಬದಿಯನ್ನು ಪರದೆಯ ಮೇಲೆ ಸಾಲಿನಿಂದ ಸಾಲಿಗೆ ಸಾವಧಾನವಾಗಿ ಇಳಿಸುತ್ತಿದ್ದ ಆ ಮನುಷ್ಯನಿಗೆ ನಾವಿಟ್ಟ ಹೆಸರು ತಕರಾರಪ್ಪ. ರೋಗಿಯ ರಕ್ತಕ್ಕೆ ಹನಿಹನಿಯಾಗಿ ಔಷಧ ಹರಿಸುವ ಯಂತ್ರಗಳಿಗೆ ಕೋಡ್ ಬರೆಯುವುದು ನಮ್ಮ ಕಸುಬು. ಒಬ್ಬರು ಬರೆದದ್ದನ್ನು ಇನ್ನೊಬ್ಬರು ಓದಿ ಒಪ್ಪದ ಹೊರತು ಅದು ಯಂತ್ರವನ್ನು ಸೇರುವಂತಿರಲಿಲ್ಲ.

ಈ ಓದಿನ ಬಂಡವಾಳ ಒಳಗಿನವರಿಗಷ್ಟೇ ಗೊತ್ತು. ಹತ್ತು ಸಾಲು ಕಳಿಸಿದರೆ ಇಪ್ಪತ್ತು ಕೊಂಕು. ಸಾವಿರ ಸಾಲು ಕಳಿಸಿದರೆ "ಚೆನ್ನಾಗಿದೆ" ಎಂಬ ಒಂದೇ ಮಾತು. ತಕರಾರಪ್ಪ ಮಾತ್ರ ಸಾವಿರಕ್ಕೂ ಅದೇ ಪೆನ್ಸಿಲು ಹಿಡಿಯುವರು. "ಇದು ಕೈಕೊಟ್ರೆ ಮಲಗಿರೋರಿಗೆ ಏನಾಗತ್ತೆ? ಅದನ್ನ ಹೇಳಿ ಮೊದ್ಲು" ಎನ್ನುವರು. ನನಗೋ ಮೈಯೆಲ್ಲ ಉರಿ. ಮೊಸರಿನಲ್ಲಿ ಕಲ್ಲು ಹುಡುಕುವ ಗಿರಾಕಿ ಎಂದು ಬೆನ್ನ ಹಿಂದೆ ಆಡಿಕೊಂಡು ನಗುತ್ತಿದ್ದವರಲ್ಲಿ ನಾನೇ ಮೊದಲಿಗ.

ನನ್ನ ಎರಡು ಸಾವಿರ ಸಾಲು ಮೂರು ದಿನ ಅವರ ಮುಂದೆ ಕುಳಿತಾಗ ತಡೆಯಲಾರದೆ ಎಲ್ಲರೆದುರು ಕೂಗಾಡಿದೆ: "ಆರು ವರ್ಷ ಜೊತೆಗಿದ್ದೀನಿ. ನನ್ನ ಮೇಲೂ ನಂಬಿಕೆ ಇಲ್ವಾ ನಿಮಗೆ?" ಅವರ ಮುಖ ಸಣ್ಣಗಾಯಿತು. ಓದುವುದು ಇನ್ನೂ ಅರ್ಧ ಉಳಿದಿತ್ತು. ಕೋಟಿನ ಗುಂಡಿ ಬಿಚ್ಚಿ, ಒಪ್ಪಿಗೆ ಒತ್ತಿ, ಎದ್ದು ಹೋದರು.

ತಪ್ಪಿದ್ದದ್ದು ಆ ಉಳಿದರ್ಧದಲ್ಲೇ. ನಳಿಕೆ ಕಟ್ಟಿಕೊಂಡು ನಿಂತ ಯಂತ್ರವನ್ನು ಮತ್ತೆ ಚಾಲೂ ಮಾಡಿದರೆ ಅದು ಕೊಟ್ಟ ಔಷಧದ ಲೆಕ್ಕ ಮರೆತು ಮೊದಲಿನಿಂದ ಪೂರ್ತಿ ಕೊಡುತ್ತಿತ್ತು. ಆಸ್ಪತ್ರೆಯೊಂದರಲ್ಲಿ ಹಾಗಾದಾಗ ಒಬ್ಬ ನರ್ಸ್ ಸಂಶಯಪಟ್ಟು ನಳಿಕೆ ಮುಚ್ಚಿದ್ದರಿಂದ ಎರಡು ಮಕ್ಕಳ ತಾಯಿಯೊಬ್ಬಳು ಸಾವಿನ ದವಡೆಯಿಂದ ಪಾರಾದಳು.

ಕಂಪನಿಯ ವಿಚಾರಣೆಯಲ್ಲಿ ತಕರಾರಪ್ಪ ಆಡಿದ್ದು ಇಷ್ಟೇ: "ಬರೆಯೋರು ತಪ್ತಾರೆ, ಅದಕ್ಕೇ ನಾನಿರೋದು. ಓದದೆ ಒಪ್ಪಿದ್ದು ನಾನು." ನಾನು ಕೂಗಾಡಿದ್ದನ್ನು ಹೇಳಲಿಲ್ಲ. ಅಯ್ಯೋ, ನಾನಾದರೂ ಹೇಳಬಾರದಿತ್ತೇ! ಅವರ ಕೆಲಸ ಹೋಯಿತು, ನನ್ನದು ಉಳಿಯಿತು. ನೆನೆದರೆ ಇಂದಿಗೂ ನಾಚಿಕೆಯಿಂದ ತಲೆ ತಗ್ಗುತ್ತದೆ.

ಇತರರ ಬರಹವನ್ನು ಕಾಯುವ ಈ ಜಾತಿಯ ಜನರಿಗೆ ಕೀರ್ತಿಯೆಂಬುದು ಹಣೆಯಲ್ಲೇ ಬರೆದಿಲ್ಲ. ಅವರು ಓದಿದ್ದರಿಂದ ಬದುಕಿದವರಿಗೆ ತಾವು ಸಾಯಲಿದ್ದೆವೆಂಬುದೇ ತಿಳಿಯದು. ಓದದೆ ಬಿಟ್ಟ ಒಂದು ದಿನ ಮಾತ್ರ ಎಲ್ಲರಿಗೂ ನೆನಪಿರುತ್ತದೆ, ಓದಬೇಡಿರೆಂದು ಅವಸರಪಡಿಸಿದವರು ಯಾರೆಂಬುದು ಯಾರಿಗೂ ನೆನಪಿರುವುದಿಲ್ಲ.