ಟರ್ಬೊ ಆರುವ ತನಕ

ಸುಟ್ಟ ವಾಸನೆ ನಮ್ಮದಲ್ಲ, ಮುಂದಿನ ಲಾರಿಯದು, ಅವನು ಇಳಿಜಾರಿನ ಉದ್ದಕ್ಕೂ ಬ್ರೇಕಿನ ಮೇಲೇ ಕಾಲಿಟ್ಟುಕೊಂಡು ಕೂತಿದ್ದಾನೆ, ಹಿಂದಿನ ಚಕ್ರದಿಂದ ನೀಲಿ ಹೊಗೆ, ಇನ್ನು ನಾಲ್ಕು ತಿರುವು ಹೀಗೇ ಇಳಿದರೆ ಪೆಡಲ್ ಒತ್ತಿದರೂ ದಿಂಬು ಒತ್ತಿದ ಹಾಗೆ — ನನ್ನದು ಮೂರನೇ ಗೇರು, ಹತ್ತುವುದಕ್ಕೆ ಯಾವ ಗೇರೋ ಇಳಿಯುವುದಕ್ಕೂ ಅದೇ ಗೇರು ಎಂದು ನನ್ನ ಗಂಡ ಕಲಿಸಿದ್ದು, ಇಂಜಿನ್ನೇ ಗಾಡಿಯನ್ನು ಹಿಡಿದುಕೊಳ್ಳಲಿ, ಬ್ರೇಕು ಒಮ್ಮೆ ಗಟ್ಟಿಯಾಗಿ ಒತ್ತು, ಬಿಡು, ಅದೂ ಉಸಿರಾಡಲಿ, ಕಬ್ಬಿಣಕ್ಕೂ ಜೀವ ಇದೆ ಕಣೇ. ಹೌದು, ಅವರ ಕಣ್ಣಿಗೆ ಕಬ್ಬಿಣಕ್ಕೆ ಜೀವ ಇತ್ತು. ಪಕ್ಕದ ಸೀಟಿನಲ್ಲಿ ಅಳಿಯ ಡ್ಯಾಶ್‌ಬೋರ್ಡಿನ ಮೇಲೆ ಕಾಲು ಚಾಚಿ ಕಡಲೆಕಾಯಿ ಸಿಪ್ಪೆ ಉದುರಿಸುತ್ತಿದ್ದಾನೆ, ಏನತ್ತೆ, ತುಂಬಿದ ಬಸುರಿ ನಡೆದ ಹಾಗೆ ಓಡಿಸ್ತೀರಲ್ಲ, ಇತ್ತ ಕೊಡಿ ಸ್ಟೀರಿಂಗು, ನಿಮಿಷದಲ್ಲಿ ಮನೆ ಮುಟ್ಟಿಸ್ತೀನಿ — ನಿನ್ನ ಕೈಗೆ ಕೊಟ್ಟಿದ್ದು ಏನಾಗುತ್ತೆ ಅಂತ ನೋಡಿದೀನಪ್ಪ ಎಂದೆ, ನಕ್ಕ, ತಾನು ಕೆಡಿಸಿದ ಕಂಪನಿಯ ಟಿಪ್ಪರಿನ ಮಾತು ಎಂದುಕೊಂಡ. ಬೆಳಿಗ್ಗೆ ತಣ್ಣಗಿರುವ ಇಂಜಿನ್ನಿಗೆ ಒದ್ದ ಹಾಗೆ ಆಕ್ಸಿಲರೇಟರ್ ಒತ್ತುವವನು, ಬಾಡಿಗೆಯ ಎತ್ತು ತಾನೆ ಎಂದು ಬಡಿದು ಬಡಿದು ಹೂಡುವವನು, ಏರು ಹತ್ತಿ ಬಂದವನೇ ಕೀಲಿ ತಿರುಗಿಸಿ ಎದ್ದು ಹೋಗುವವನು, ಒಳಗೆ ಇಂಜಿನ್ನಿಗೆ ಗಾಳಿ ಊದುವ ಟರ್ಬೊ ಕೆಂಪಗೆ ಕಾದು ಇನ್ನೂ ಸುತ್ತುತ್ತಲೇ ಇರುತ್ತದೆ, ಎಣ್ಣೆ ನಿಂತಿರುತ್ತದೆ, ಒಣಗಂಟಲಲ್ಲಿ ಕಿರುಚಿಕೊಂಡು ಸಾಯುತ್ತದೆ. ನಿನ್ನೆ ಸಂಜೆ ಬಸ್ಸಿನಿಂದ ಇಳಿದ ಮಗಳು ಒಂದು ಚಪ್ಪಲಿ ಕೈಯಲ್ಲಿ ಹಿಡಿದಿದ್ದಳು. ಹಿಮ್ಮಡಿ ಮೆಟ್ಟಲಾಗದು. ಸಿಮೆಂಟು ನೆಲದ ಮೇಲೆ ಎಳೆದ ಹಿಮ್ಮಡಿ, ಬೇಯಿಸಿದ ಗೆಣಸಿನ ಸಿಪ್ಪೆಯಂತೆ ಚರ್ಮ ಜೋತಿತ್ತು, ನೀರು ಹೊಯ್ದು ಬಿಳಿ ಬಟ್ಟೆ ಸುತ್ತಿದರೆ ಅಳಲಿಲ್ಲ, ಅಮ್ಮ ನಿಧಾನ ಎಂದಳು ಅಷ್ಟೆ.

ಇವತ್ತು ಸರಕು ಇಳಿಸುವ ಕಡೆಗೇ ಬಂದು ಹತ್ತಿಕೊಂಡ ಅಳಿಯ, ಅವಳನ್ನ ಕರ್ಕೊಂಡು ಹೋಗೋಕೆ ಬಂದೆ ಅತ್ತೆ, ಹೇಗೂ ನೀವು ಮನೆಗೇ ತಾನೆ. ಇಲ್ಲ ಎಂದಿದ್ದರೆ ಬಸ್ಸು ಹಿಡಿದು ನನಗಿಂತ ಮೊದಲೇ ಮುಟ್ಟುತ್ತಿದ್ದ, ಅಲ್ಲಿ ಅವಳೊಬ್ಬಳೇ, ಹಾವು ಮನೆಯೊಳಗೆ ಹೋಗುವುದಕ್ಕಿಂತ ಕಣ್ಣೆದುರು ಇರುವುದು ಮೇಲು. ಒಂದೇಟು ಬಿದ್ದಿದ್ದಕ್ಕೆ ತವರಿಗೆ ಓಡಿಬರೋದಾ, ನೀವೇ ಬುದ್ಧಿ ಹೇಳ್ಬೇಕು, ಎನ್ನುತ್ತಿದ್ದಾನೆ, ಸಿಪ್ಪೆ ಉಗುಳುತ್ತ, ಕೈ ಎತ್ತಿದ್ರೆ ಸಾಕು ಮಂಚದ ಕೆಳಗೆ ತೂರ್ಕೋತಾಳೆ, ಚಿಕ್ಕ ಮಗು ಥರ, ಕಾಲು ಹಿಡಿದು ಎಳೀದೆ ಇನ್ನೇನು ಮಾಡ್ಲಿ ಹೇಳಿ. ಮಂಚದ ಕೆಳಗೆ. ಅದನ್ನು ಕಲಿಸಿದವಳು ನಾನು. ಅವಳಪ್ಪ ಏರು ಹತ್ತಿ ಬಂದು ಗೇಟಿನ ಮುಂದೆ ಗಾಡಿ ನಿಲ್ಲಿಸಿದರೆ ಇಂಜಿನ್ ಆರಿಸುತ್ತಿರಲಿಲ್ಲ, ಕುಡಿದಿದ್ದರೂ, ಮೈಯೆಲ್ಲ ಸಿಟ್ಟಾಗಿದ್ದರೂ, ಟರ್ಬೊ ಆರುವ ತನಕ ಒಂದು ನಿಮಿಷ ಸುಮ್ಮನೆ ಓಡಲು ಬಿಡುತ್ತಿದ್ದರು, ಆ ನಿಮಿಷ ನಮ್ಮದು, ಒಲೆ ಆರಿಸು, ಕುಡುಗೋಲು ಅಡಗಿಸು, ಮಗುವನ್ನು ಮಂಚದ ಕೆಳಗೆ ತಳ್ಳು, ಇನ್ನೂ ಒಳಗೆ, ಇನ್ನೂ ಒಳಗೆ ಪುಟ್ಟಿ — ಎಷ್ಟು ತಳ್ಳಿದರೂ ಒಂದು ಹಿಮ್ಮಡಿ ಹೊರಗೇ ಉಳಿಯುತ್ತಿತ್ತು. ಆಮೇಲೆ ಇಂಜಿನ್ ನಿಲ್ಲುತ್ತಿತ್ತು. ಒಳಗೆ ಬಂದು ಆ ಪುಟ್ಟ ಹಿಮ್ಮಡಿಯನ್ನು ಗ್ರೀಸ್ ಬೆರಳಿಂದ ಸವರಿ ಅಪ್ಪ ಅಂದ್ರೆ ಭಯನಾ ಕಂದ ಎನ್ನುತ್ತಿದ್ದರು, ದನಿ ಬೆಣ್ಣೆ, ಮತ್ತೆ ಅದೇ ಕೈ ನನ್ನ ಜುಟ್ಟಿಗೆ, ಗೋಡೆಗೆ, ಹಲ್ಲು ಒಂದು ಲೋಟದ ಪಕ್ಕ ಬಿದ್ದದ್ದು ನೆನಪಿದೆ, ನನ್ನ ಹಲ್ಲು ಎಂದು ಗೊತ್ತಾಗಲು ಹೊತ್ತು ಹಿಡಿಯಿತು. ಮರುದಿನ ಬೆಳಿಗ್ಗೆ ಲಾರಿಯ ಗಾಜು ಒರೆಸಿಕೊಂಡು ಹೇಳುತ್ತಿದ್ದರು, ಒರಟಾಗಿ ಓಡಿಸೋನು ಮನುಷ್ಯನೇ ಅಲ್ಲ. ಅವರ ಕಣ್ಣು ಮಂಜಾದ ಮೇಲೆ ನನಗೇ ಚಕ್ರ ಹಿಡಿಸಿದರು, ಆಗ ಮಗಳು ಮದುವೆಯಾಗಿ ಹೋಗಿಯಾಗಿತ್ತು, ಈಗ ಅವರಿಲ್ಲ, ಕೈ ಮಾತ್ರ ನನ್ನಲ್ಲಿದೆ. ಇವನು ಅವಳಿಗೆ ಆ ಒಂದು ನಿಮಿಷವನ್ನೂ ಕೊಟ್ಟವನಲ್ಲ. ಗಾಡಿ ನಿಂತಿತು ಎಂದರೆ ಬಾಗಿಲಲ್ಲಿ ಅವನೇ.

ಎಡಕ್ಕೆ ಬಂಡೆ, ಅವನ ಕಡೆಯ ಬಾಗಿಲಿಗೂ ಬಂಡೆಗೂ ಒಂದು ಮೊಳ, ಗೇರನ್ನು ನ್ಯೂಟ್ರಲ್ಲಿಗೆ ತಳ್ಳಿದರೆ ಸಾಕು, ಖಾಲಿ ಲಾರಿಯೂ ಆನೆಯಂತೆ ನುಗ್ಗುತ್ತದೆ, ಸ್ವಲ್ಪ ಎಡಕ್ಕೆ ಒರಗಿಸು, ತಗಡು ಹರಿಯುವ ಸದ್ದು, ಡ್ಯಾಶ್‌ಬೋರ್ಡಿನ ಮೇಲಿನ ಕಾಲುಗಳು ಮೊದಲು ಮುರಿಯುತ್ತವೆ, ಕಡಲೆಕಾಯಿಯಂತೆ, ಗಾಜು ಅವನ ಬಾಯೊಳಗೆ — ಕೈ ಗೇರಿನ ಗುಂಡಿಯ ಮೇಲಿದೆ, ಕಾಲು ತಾನಾಗಿ ಬ್ರೇಕು ಒತ್ತಿತು, ಬಿಟ್ಟಿತು. ಆಗುವುದಿಲ್ಲ. ಅವನ ಮೇಲಿನ ಕರುಣೆಯಲ್ಲ, ಗಾಡಿಯ ಮೇಲಿನದು, ಎಂಥ ಹೆಂಗಸು ನಾನು. ಸೇತುವೆ ದಾಟಿತು, ಮನೆಯ ಏರು ಶುರು, ಟರ್ಬೊ ಶಿಳ್ಳೆ ಹಾಕುತ್ತಿದೆ, ಕಾಯುತ್ತಿದೆ, ಕಾಯಲಿ, ಇವತ್ತು ನಿನಗೆ ಒಂದು ನಿಮಿಷ ಕೊಡುತ್ತೇನೆ ಮಗಳೇ, ಈ ಶಿಳ್ಳೆ ನಿನಗೆ ಗೊತ್ತು, ಹಿಂಬಾಗಿಲಿದೆ, ಬೇಲಿಯಾಚೆ ದರ್ಜಿಯ ಮನೆ ಇದೆ, ಅವನ ಹೆಂಡತಿ ಗಟ್ಟಿಗಿತ್ತಿ, ಹೋಗು. ಗೇಟು. ನಿಲ್ಲಿಸಿದೆ. ಇಂಜಿನ್ ಓಡುತ್ತಿದೆ. ಆರಿಸಿ ಅತ್ತೆ, ಡೀಸೆಲ್ ಸುಮ್ನೆ ಬಂತಾ. ಇರು, ಬಿಸಿ ಆರ್ಲಿ. ನಿಮ್ಮ ತಲೆ, ಎಂದು ಕೀಲಿಗೆ ಕೈ ಹಾಕಿದ, ಸೀಟಿನ ಸಂದಿಯಿಂದ ಜಾಕಿ ರಾಡು ನನ್ನ ಕೈಗೆ ಹೇಗೆ ಬಂತೋ, ಒಮ್ಮೆ ಗಟ್ಟಿಯಾಗಿ, ಬೆರಳುಗಳ ಮೇಲೆ, ಹಸಿ ಕಡ್ಡಿ ಮುರಿದ ಸದ್ದು, ಕಿರುಚಿ ಇನ್ನೊಂದು ಕೈಯಲ್ಲಿ ನನ್ನ ಜುಟ್ಟು ಹಿಡಿದು ತಲೆಯನ್ನು ಸ್ಟೀರಿಂಗಿಗೆ ಅಪ್ಪಳಿಸಿದ, ಹಾರ್ನು ಕೂಗಿತು, ಬಾಯಲ್ಲಿ ಉಪ್ಪು, ಒತ್ತು, ಬಿಡು, ಮೊಣಕಾಲಿನ ಚಿಪ್ಪಿಗೆ ಇನ್ನೊಂದು, ಬಿಡು, ಬಾಗಿಲು ತೆರೆದು ಅವನು ಮೂಟೆಯಂತೆ ಕೆಳಗೆ ಬಿದ್ದ, ಅಮ್ಮಾ ಎನ್ನುತ್ತಿದ್ದಾನೆ, ಅವನಿಗೂ ಒಬ್ಬಳು ಅಮ್ಮ. ಇಂಜಿನ್ ಹದವಾಗಿ ಓಡುತ್ತಿದೆ, ಶಿಳ್ಳೆ ಇಳಿಯುತ್ತಿದೆ, ಮನೆಯ ಪಕ್ಕಕ್ಕೆ ಕಾಣುವ ಹಿಂಬಾಗಿಲ ಕಡೆ ನೋಡುತ್ತೇನೆ, ಮುಚ್ಚಿಯೇ ಇದೆ, ಬೇಲಿಯ ಹತ್ತಿರ ಯಾರೂ ಇಲ್ಲ, ಹೋಗು ಪುಟ್ಟಿ, ಹೊರಗೆ ನಾನೇ ಇರುವುದು, ಅಪ್ಪ ಅಲ್ಲ, ಇಂಜಿನ್ ಓಡಿಸುತ್ತಿರುವುದು ನಾನು — ಎತ್ತರದ ಸೀಟಿನಿಂದ ಕಿಟಕಿಯೊಳಗೆ ಕೋಣೆ ಕಾಣುತ್ತದೆ, ನೆಲ, ಮಂಚದ ಕಾಲು, ಮಂಚದ ಕೆಳಗೆ ಕತ್ತಲೆ, ಕತ್ತಲೆಯಿಂದ ಹೊರಗೆ ಉಳಿದ ಬಿಳಿ ಬಟ್ಟೆ ಸುತ್ತಿದ ಹಿಮ್ಮಡಿ, ಇನ್ನೂ ಒಳಗೆ ಎಳೆದುಕೊಳ್ಳಲು ನೋಡುತ್ತಿರುವ ಹಿಮ್ಮಡಿ, ಆ ಹಿಮ್ಮಡಿ