ಕಾಲಿನ ರೂಢಿ

ಗಂಡನ ದೊಡ್ಡ ಬೈಕು ಎಡಕ್ಕೆ ವಾಲಿದಾಗ ಟೈಲರಕ್ಕ ಕಾಲೂರಿದಳು. ಆದರೆ ನೆಲ ಸಿಕ್ಕಿದ್ದು ಹೆಬ್ಬೆರಳಿನ ತುದಿಗೆ ಮಾತ್ರ. ಅಷ್ಟು ಭಾರ ಒಂದು ಹೆಬ್ಬೆರಳಿನ ಮೇಲೆ ನಿಲ್ಲುವುದುಂಟೇ? ನಿಧಾನವಾಗಿ, ಬೀದಿಯವರೆಲ್ಲ ಕಣ್ತುಂಬ ನೋಡಿಕೊಳ್ಳಲಿ ಎಂಬಷ್ಟು ನಿಧಾನವಾಗಿ, ಬೈಕು ಗೇಟಿನ ಮುಂದೆಯೇ ಮಲಗಿತು. ಅವಳೂ ಅದರ ಪಕ್ಕದಲ್ಲಿ ಕುಕ್ಕರಿಸಿದಳು.

“ಬಿತ್ತಾ?” ಮೆಟ್ಟಿಲ ಮೇಲೆ ಕೂತಿದ್ದ ಗಂಡ ಕೇಳಿದ.

“ಬೀಳ್ಲಿಲ್ಲ, ಮಲಗಿಸ್ದೆ.”

“ನೀನು?”

“ನಾನೂ ಮಲಗಿದೀನಿ.”

ಗಂಡ ನಗಲಿಲ್ಲ. ಎದ್ದು ಗೋಡೆ ಸವರಿಕೊಂಡು ಬಂದ, ಬಗ್ಗಿ ಕೈಗೆ ಸಿಕ್ಕ ಹಿಡಿಯನ್ನು ಹಿಡಿದ. ಇಬ್ಬರೂ ಸೇರಿ ಎತ್ತಿ ನಿಲ್ಲಿಸುವಷ್ಟರಲ್ಲಿ ಏದುಸಿರು ಬಂದಿತ್ತು. ಅವನು ಬೆರಳಿನಿಂದಲೇ ಟ್ಯಾಂಕನ್ನೂ ಕನ್ನಡಿಯನ್ನೂ ತಡವಿ ನೋಡಿದ. “ಏನೂ ಆಗಿಲ್ಲ” ಎಂದ. ಬೈಕಿಗೋ ಹೆಂಡತಿಗೋ ಎಂದು ಅವಳು ಕೇಳಲು ಹೋಗಲಿಲ್ಲ.

ಬೀದಿಗೆ ಅವನು ಈಗಲೂ ಡ್ರೈವರೇ. ಬಸ್ಸು ಬಿಟ್ಟು ಎರಡು ವರ್ಷವಾಗಿದೆ. ಎರಡೂ ಕಣ್ಣಿನ ನಟ್ಟನಡುವೆ ಮಸುಕು ಕವಿದುಕೊಂಡಿದೆ; ಅಕ್ಕಪಕ್ಕದ ಗೋಡೆ ಕಾಣುತ್ತದೆ, ಎದುರಿಗೆ ನಿಂತವರ ಮುಖ ಕಾಣುವುದಿಲ್ಲ. ಡಿಪೋದವರು ಅವನನ್ನು ಸ್ಟೋರಿಗೆ ಹಾಕಿದರು. ನಟ್ಟು ಬೋಲ್ಟುಗಳನ್ನು ಮುಟ್ಟಿ ಮುಟ್ಟಿ ಬೇರೆ ಮಾಡಿಡುವ ಕೆಲಸ. ಅವನನ್ನು ಕರೆದೊಯ್ಯಲೆಂದೇ ನಲವತ್ತು ದಾಟಿದ ಟೈಲರಕ್ಕ ಒಂದು ಪುಟ್ಟ ಬೈಕು ಕೊಂಡು, ಬಿದ್ದು ಎದ್ದು ಕಲಿತಳು. ಹಿಡಿಗಳಿಗೆ ಉಳಿದ ಬಟ್ಟೆಯಲ್ಲಿ ಹೂವಿನ ಕವರು ಹೊಲಿದಳು. ಅದು ಅವಳ ಮಾತು ಕೇಳುತ್ತಿತ್ತು.

ಆಮೇಲೆ ಡಿಪೋವನ್ನು ಹೆದ್ದಾರಿಯ ಆಚೆಗೆ ಸಾಗಿಸಿದರು. ಇಬ್ಬರನ್ನು ಹೊತ್ತ ಆ ಪುಟ್ಟ ಗಾಡಿಯ ಪಕ್ಕದಲ್ಲಿ ಲಾರಿ ಹಾದರೆ ಅವರ ಜೀವ ಬಾಯಿಗೆ ಬರುತ್ತಿತ್ತು. ಹೋದ ವಾರ ಲಾರಿಯೊಂದರ ಗಾಳಿಗೇ ರಸ್ತೆ ಬಿಟ್ಟು ಮಣ್ಣಿಗಿಳಿದಿದ್ದರು. ಅಂದು ಮನೆಗೆ ಬಂದವಳೇ ಟೈಲರಕ್ಕ ಶೆಡ್ಡಿನಲ್ಲಿ ಟಾರ್ಪಾಲು ಹೊದ್ದು ನಿಂತಿದ್ದ ಗಂಡನ ದೊಡ್ಡ ಬೈಕನ್ನು ತೋರಿಸಿ, “ಇನ್ಮೇಲೆ ಇದನ್ನೇ ಓಡಿಸ್ತೀನಿ” ಎಂದಳು.

“ಗ್ಯಾರೇಜಿನವನು ಇದನ್ನ ಕೇಳ್ತಾನೇ ಇದಾನೆ,” ಎಂದ ಡ್ರೈವರ್. “ಭಾನುವಾರ ಬಾ ಅಂದಿದೀನಿ. ಅವತ್ತು ಬೆಳಿಗ್ಗೆ ಡಿಪೋತನಕ ಒಂದ್ಸಲ ಹೋಗಿಬರೋಣ. ನಿನ್ ಕೈಲಿ ಆದ್ರೆ ಇರ್ಲಿ. ಇಲ್ಲಾಂದ್ರೆ ಅವನಿಗೆ ಕೊಟ್ಟು ಕೈತೊಳ್ಕೊಳೋಣ.”

ಯಾರದೋ ಗಾಡಿಯ ಮಾತು ಆಡಿದ ಹಾಗೆ ಆಡಿದ. ಆದರೆ ಪ್ರತಿ ವಾರ ಆ ಟಾರ್ಪಾಲು ತೆಗೆದು, ಕೈಯಲ್ಲೇ ಗುರುತು ಹಿಡಿಯುತ್ತ ಚಕ್ರದ ಒಂದೊಂದು ಕಡ್ಡಿಯನ್ನೂ ಒರೆಸುತ್ತಿದ್ದವನು ಅವನೇ. ಬಸ್ಸು ಬಿಟ್ಟಾಗ ತಿಂಗಳುಗಟ್ಟಲೆ ಬಾಯಿಗೆ ಬೀಗ ಹಾಕಿಕೊಂಡಿದ್ದ. ಈ ಬೈಕೂ ಹೋದರೆ ಆ ಬೀಗ ಮತ್ತೆ ಬೀಳುತ್ತದೆ, ಈ ಸಲ ತೆಗೆಯಲು ಬರುವುದಿಲ್ಲ ಎಂದು ಅವಳಿಗೆ ಭಯ. ಓಡಿಸಲು ಹೋಗಿ ಕಣ್ಣು ಕಾಣದವನನ್ನು ಲಾರಿಯ ಕೆಳಗೆ ಹಾಕಿಬಿಟ್ಟರೆ ಎಂದು ಅದಕ್ಕಿಂತ ದೊಡ್ಡ ಭಯ. ಎರಡೂ ಭಯಗಳ ನಡುವೆ ಹೊಲಿಗೆ ಕೆಟ್ಟು, ಯಾರದೋ ರವಿಕೆಗೆ ಎರಡೂ ಎಡಗೈ ತೋಳುಗಳನ್ನೇ ಕೂಡಿಸಿದ್ದಳು.

ಗೇಟಿನ ಮುಂದೆ ಬಿದ್ದ ಮಧ್ಯಾಹ್ನವೇ ಅವಳು ದೊಡ್ಡ ಬೈಕಿನ ಸೀಟು ಬಿಚ್ಚಿ ತನ್ನ ಮೇಜಿನ ಮೇಲಿಟ್ಟಳು. ಒಳಗಿನ ಸ್ಪಂಜನ್ನು ಎರಡು ಬೆರಳಿನಷ್ಟು ಕತ್ತರಿಸಿ, ರೆಕ್ಸಿನ್ ಮತ್ತೆ ಬಿಗಿದು ಹೊಲಿದಳು. ಈಗ ಹೆಬ್ಬೆರಳಿನ ಜೊತೆ ಅರ್ಧ ಪಾದವೂ ನೆಲ ಮುಟ್ಟಿತು. ಆದರೆ ಗೇರನ್ನು ಕತ್ತರಿಸಿ ಹೊಲಿಯಲು ಬರುತ್ತದೆಯೇ? ಪುಟ್ಟ ಬೈಕಿನಲ್ಲಿ ಎಲ್ಲ ಗೇರಿಗೂ ಕಾಲಿನಿಂದ ಕೆಳಗೆ ಒತ್ತಬೇಕು. ದೊಡ್ಡದರಲ್ಲಿ ಮೊದಲನೆಯದಕ್ಕೆ ಮಾತ್ರ ಒತ್ತುವುದು. ಉಳಿದದ್ದಕ್ಕೆಲ್ಲ ಬೆರಳನ್ನು ಅಡಿಗೆ ತೂರಿಸಿ ಮೇಲಕ್ಕೆತ್ತಬೇಕು. ಅವಳ ಕಾಲಿಗೋ ಹೊಲಿಗೆ ಯಂತ್ರದ ಮೇಲೂ ಒತ್ತುವುದೇ ಕೆಲಸ. ಶನಿವಾರವಿಡೀ ಬಟ್ಟೆ ಹೊಲಿಯುತ್ತಲೇ “ಎತ್ತು, ಎತ್ತು” ಎಂದು ಗೊಣಗಿಕೊಂಡಳು. ಅಳತೆ ಕೊಡಲು ಬಂದವಳೊಬ್ಬಳು ಪಾಪ, ಎರಡೂ ಕೈ ಮೇಲೆತ್ತಿ ನಿಂತುಬಿಟ್ಟಳು.

ಭಾನುವಾರ ಬೆಳಿಗ್ಗೆ ಹೊರಟರು. ಡ್ರೈವರ್ ಹಿಂದೆ ಕೂತು ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದ. ಇಂಜಿನ್ನಿನ ಸದ್ದಿನ ಮೇಲೇ ಅವನು ಹಿಂದಿನಿಂದ ಗೇರು ಹೇಳುವವನು. ಪುಟ್ಟ ಬೈಕಿನಲ್ಲೂ ಹಾಗೇ. ಸುಮ್ಮನೆ ಕೂರುವ ಜನ್ಮ ಅಲ್ಲ ಅದು.

“ಎತ್ತು. ಎರಡಕ್ಕೆ ಬಂತಾ? ಈಗ ಆಕ್ಸಿಲರೇಟರ್ ಕೊಡು. ಕೊಡೇ, ಅದೇನು ಕಚ್ಚಲ್ಲ.”

“ತಲೆ ತಿನ್ಬೇಡಿ. ಕೊಡ್ತಾ ಇದೀನಿ.”

ಒಳರಸ್ತೆಗಳೆಲ್ಲ ಸುಸೂತ್ರವಾಗಿ ಮುಗಿದವು. ಬೈಕು ನಿಂತಾಗ ಕಲ್ಲಿನಂತೆ ಭಾರ, ಓಡುವಾಗ ಹಗುರ. ಭುಜ ಸ್ವಲ್ಪ ಸಡಿಲವಾಯಿತು. ಆಮೇಲೆ ಹೆದ್ದಾರಿ ಬಂತು. ಅವಳು ಎರಡನೇ ಗೇರಿನಲ್ಲಿ ರಸ್ತೆಗೆ ಸೇರಿ ವೇಗ ಏರಿಸುತ್ತಿದ್ದಾಗ ಹಿಂದೆ ಲಾರಿಯ ಹಾರನ್ನು ಮೊಳಗಿತು. ಅದು ನಿಲ್ಲಲೇ ಇಲ್ಲ. ಹತ್ತಿರ ಹತ್ತಿರವೇ ಬಂತು.

“ಒತ್ತು” ಎಂದು ಹಿಂದಿನಿಂದ ಡ್ರೈವರ್ ಕೂಗಿದ. “ಒತ್ತೇ.”

ಅವಳು ಒತ್ತಿದಳು. ಎರಡರಿಂದ ಮೂರಕ್ಕೆ ಹೋಗಬೇಕಾದದ್ದು ಒಂದಕ್ಕೆ ಇಳಿದು ಇಂಜಿನ್ ಕಿರುಚಿತು. ಯಾರೋ ಕಾಲು ಹಿಡಿದು ಎಳೆದಂತೆ ಬೈಕು ಮುಗ್ಗರಿಸಿತು. ಹಿಂದಿನ ಚಕ್ರ ಒಮ್ಮೆ ಬಲಕ್ಕೆ, ಒಮ್ಮೆ ಎಡಕ್ಕೆ ಜಾರಿತು. ಗಂಡನ ಎದೆ ಬಂದು ಅವಳ ಬೆನ್ನಿಗೆ ಬಡಿಯಿತು. ಪಕ್ಕದಲ್ಲೇ, ಕೈ ಚಾಚಿದರೆ ಸಿಗುವಷ್ಟು ಪಕ್ಕದಲ್ಲಿ, ಲಾರಿಯ ಚಕ್ರಗಳು ಒಂದಾದ ಮೇಲೊಂದು ಉರುಳಿಹೋದವು. ಹೇಗೆ ಬದಿಗೆ ಬಂದಳೋ, ಹೇಗೆ ನಿಲ್ಲಿಸಿದಳೋ ಅವಳಿಗೇ ಗೊತ್ತಿಲ್ಲ. ಅರ್ಧ ಪಾದ ನೆಲದ ಮೇಲಿತ್ತು, ಬೈಕು ಬಿದ್ದಿರಲಿಲ್ಲ.

ಸ್ಟ್ಯಾಂಡು ಹಾಕಿ ಇಳಿದಳು. “ಸಾಕು,” ಎಂದಳು. “ಕೊಟ್ಬಿಡಿ ಅವನಿಗೆ. ನಿಮ್ಮನ್ನ ಸಾಯಿಸಿ ನಾನೇನು ಮಾಡ್ಲಿ? ನನ್ ಕಾಲಿಗೆ ಬುದ್ಧಿ ಇಲ್ಲ.”

ಡ್ರೈವರ್ ಇನ್ನೂ ಹಿಂದೆಯೇ ಕೂತಿದ್ದ. ಫುಟ್‌ರೆಸ್ಟಿನ ಮೇಲಿದ್ದ ತನ್ನ ಎಡಗಾಲನ್ನು ಮುಟ್ಟಿ ನೋಡಿಕೊಂಡ.

“ಒತ್ತು ಅಂದವನು ನಾನು,” ಎಂದ.

“ಏನು?”

“ನಾನೇ ಕೂಗ್ದೆ. ನನ್ ಕಾಲೂ ಒತ್ತಿತು ಇಲ್ಲಿ, ಬರೀ ಕಂಬೀನ. ಇದು ನನ್ ಗಾಡಿ ಕಣೇ. ಹದಿನಾರು ವರ್ಷ ಓಡಿಸಿದೀನಿ. ಆದ್ರೂ ನಿನ್ ಹಿಂದೆ ಕೂತೂ ಕೂತೂ ನನ್ ಕಾಲು ನಿನ್ ಪುಟ್ಟ ಗಾಡಿಗೆ ಒಗ್ಗಿಹೋಗಿದೆ.”

ಅವನ ಮುಖ ಅವಳ ಕಡೆಗಿತ್ತು. ನೋಟ ಮಾತ್ರ ಯಾವಾಗಿನಂತೆ ಅವಳ ಕಿವಿಯ ಪಕ್ಕದಲ್ಲೆಲ್ಲೋ ಇತ್ತು. ಅವಳಿಗೆ ಸಂಕಟವಾಯಿತು. ಬೈಯಬೇಕೋ ಅಳಬೇಕೋ ತಿಳಿಯದೆ ಅವನ ಶರ್ಟಿನ ಕಾಲರು ಸರಿಮಾಡಿದಳು.

“ಹಾಗಾದ್ರೆ ಬಾಯಿ ಮುಚ್ಕೊಂಡು ಕೂತ್ಕೊಳ್ತೀರಾ?” ಎಂದಳು.

“ಹ್ಞೂಂ.”

“ಡಿಪೋತನಕ?”

“ಮನೆತನಕ.”

ಮತ್ತೆ ಹತ್ತಿದರು. ಎತ್ತು ಎಂದು ತನಗೆ ತಾನೇ ಹೇಳಿಕೊಂಡಳು, ಎತ್ತಿದಳು. ಪ್ರತಿ ಸಲವೂ ಕಾಲು ಮೊದಲು ಒತ್ತಲು ಹೋಗಿ, ತಡೆದು, ಆಮೇಲೆ ಎತ್ತುತ್ತಿತ್ತು. ಡಿಪೋದ ಗೇಟು ಮುಟ್ಟಿ ತಿರುಗಿಸಿದಳು. ಲಾರಿಗಳು ಬಂದವು, ಹೋದವು. ಬೈಕು ಅಲುಗಲಿಲ್ಲ. ಹಿಂದಿನಿಂದ ಒಂದು ಮಾತೂ ಬರಲಿಲ್ಲ. ಅವನು ಇದ್ದಾನೋ ಬಿದ್ದುಹೋದನೋ ಎಂದು ಒಮ್ಮೆ ಗಾಬರಿಯಾಗಿ ಬೆನ್ನನ್ನು ಹಿಂದಕ್ಕೆ ಒರಗಿಸಿ ನೋಡಿಕೊಂಡಳು. ಇದ್ದ.

ಮನೆಯ ಗೇಟಿನ ಹತ್ತಿರ ಗ್ಯಾರೇಜಿನವನು ಆಗಲೇ ಬಂದು ನಿಂತಿದ್ದ. ದೊಡ್ಡ ಬೈಕಿನ ಸುತ್ತ ಒಂದು ಸುತ್ತು ಹಾಕಿ, “ಏನಣ್ಣ, ಕೊಂಡೊಯ್ಲಾ?” ಎಂದ.

ಡ್ರೈವರ್ ಕೊಟ್ಟ ಮಾತು ಕೊಟ್ಟ ಮಾತೇ, ಬಾಯಿ ಬಿಡಲಿಲ್ಲ. ಹೆಂಡತಿಯ ಕಡೆ ಗದ್ದ ಎತ್ತಿ ತೋರಿಸಿದ.

ಟೈಲರಕ್ಕ ಕೀಲಿಯನ್ನು ತೆಗೆದು ಸೆರಗಿಗೆ ಗಂಟು ಹಾಕಿಕೊಂಡಳು. ಆಮೇಲೆ ಗೋಡೆಗೆ ಒರಗಿ ನಿಂತಿದ್ದ ಪುಟ್ಟ ಬೈಕನ್ನು ನೋಡಿದಳು. “ಅದನ್ನ ತಗೊಂಡು ಹೋಗಪ್ಪ,” ಎಂದಳು. “ಎರಡೂ ಇದ್ರೆ ನನ್ ಕಾಲು ಕಲಿಯಲ್ಲ.”

“ಅದು ನಿಮ್ದಲ್ವಾ ಅಕ್ಕ? ಇನ್ನೂ ಚೆನ್ನಾಗಿದೆ.”

“ಚೆನ್ನಾಗಿದೆ. ಅದಕ್ಕೇ.”

“ಈ ಹೂವಿನ ಕವರ್ ಬಿಚ್ಕೊಡ್ಲಾ?”

“ಬೇಡ, ಇರ್ಲಿ.”

ಅವನು ಒದ್ದು ಸ್ಟಾರ್ಟ್ ಮಾಡಿದ. ಒಂದೇ ಒದೆತಕ್ಕೆ ಹೊತ್ತಿಕೊಂಡಿತು; ಎಂದೂ ಸತಾಯಿಸಿದ್ದಲ್ಲ. ಬೀದಿಯ ತಿರುವು ದಾಟಿ ಕಾಣದಾದ ಮೇಲೂ ಸದ್ದು ಕೇಳಿಸುತ್ತಿತ್ತು. ಡ್ರೈವರ್ ತಲೆ ಓರೆಮಾಡಿ ಕಿವಿಗೊಟ್ಟು, ಕೊಟ್ಟ ಮಾತು ಮರೆತು, ಮೆಲ್ಲಗೆ ಗೇರು ಎಣಿಸತೊಡಗಿದ. “ಎರಡು... ಮೂರು...” ಪಕ್ಕದಲ್ಲಿ ನಿಂತಿದ್ದ ಅವಳ ಎಡಗಾಲು ಪ್ರತಿ ಎಣಿಕೆಗೂ ಚಪ್ಪಲಿಯೊಳಗೇ ನೆಲವನ್ನು ಒತ್ತಿತು.