ಕಾಲರಿನೊಳಗೆ ಹೊಲಿದ ಭಯ

ನೀರು ಇಳಿದು ಎಷ್ಟೋ ವಾರಗಳಾಗಿದ್ದವು. ಆದರೂ ಮೋಡ ಕವಿದರೆ ಸಾಕು, ನಮ್ಮ ಬೀದಿಯವರ ಎದೆ ಡವಡವ ಎನ್ನುತ್ತಿತ್ತು. ಹೊಳೆ ಉಕ್ಕಿದ ದಿನ ಮಕ್ಕಳೆಲ್ಲ ಶಾಲೆಯಲ್ಲಿದ್ದರು. ಮಹಡಿಯಿಂದ ದೋಣಿಗೆ ಇಳಿಸಿ ಕರೆತಂದರು. ಸದ್ಯ, ಎಲ್ಲರೂ ಬದುಕಿ ಬಂದರು. ಆದರೆ ಬಂದವರು ಮೊದಲಿನ ಹಾಗಿರಲಿಲ್ಲ.

ಸೋಮವಾರದಿಂದ ಶಾಲೆ ಶುರು ಎಂದು ಮೈಕಿನಲ್ಲಿ ಕೂಗಿಕೊಂಡು ಹೋದರು. ಅವತ್ತಿನಿಂದ ಎದುರು ಮನೆಯ ಟೈಲರಮ್ಮನ ಮಗಳು ಸರಿಯಾಗಿ ಊಟ ಮಾಡಲಿಲ್ಲ. ಎಂಟನೇ ಕ್ಲಾಸಿನ ಹುಡುಗಿ, ಮಾತಿನ ಮಲ್ಲಿ. ಬೀದಿಯೆಲ್ಲ ಅವಳನ್ನು ರೇಡಿಯೋ ಎಂದೇ ಕರೆಯುವುದು. ಆ ರೇಡಿಯೋ ಈಗ ತುಟಿ ಪಿಟಕ್ಕೆನ್ನುತ್ತಿರಲಿಲ್ಲ.

ಶನಿವಾರ ಚೀಲದ ಜಿಪ್ ಹಾಕಿಸಲು ನಾನು ಅಲ್ಲಿಗೆ ಹೋದೆ. ಒಳಗೆ ರಂಪವೋ ರಂಪ. ಹೊಸ ಯೂನಿಫಾರ್ಮ್ ನೆಲದ ಮೇಲೆ ಬಿದ್ದಿತ್ತು.

"ನೋಡಿ ದೊಡ್ಡಮ್ಮ ಇವಳ ಹಟ! ನಿದ್ದೆಗೆಟ್ಟು ಹೊಲ್ದಿದ್ದೀನಿ, ಮೈಗೆ ಹಾಕ್ಕೊಳ್ಳಲ್ಲ ಅಂತಾಳೆ. ಏನೂ ಆಗಲ್ಲ ಹೋಗೇ ಅಂತ ನೂರು ಸಲ ಹೇಳಿದ್ದೀನಿ," ಎಂದಳು ಟೈಲರಮ್ಮ.

"ನಾನು ಹೋಗಲ್ಲ. ಇಲ್ಲೇ ನಿನ್ನ ಜೊತೆ ಬಟ್ಟೆಗೆ ಗುಂಡಿ ಹೊಲ್ಕೊಂಡು ಕೂತಿರ್ತೀನಿ," ಎಂದಳು ಹುಡುಗಿ.

"ಎರಡು ಬಿಗಿದ್ರೆ ಹೋಗ್ತೀಯ!"

ಅಷ್ಟರಲ್ಲಿ ಮನೆಮನೆ ಸುತ್ತುತ್ತಿದ್ದ ಆಸ್ಪತ್ರೆಯ ಸಿಸ್ಟರ್ ಬಂದರು. ಬುದ್ಧಿ ಹೇಳುತ್ತಾರೆ ಅಂದುಕೊಂಡೆ. ಊಹೂಂ. ನೆಲದ ಮೇಲೆ, ಚಿಂದಿ ಬಟ್ಟೆಗಳ ನಡುವೆ, ಹುಡುಗಿಯ ಪಕ್ಕ ಕೂತುಬಿಟ್ಟರು.

"ನಿಂಗೆ ಯಾವುದಕ್ಕಮ್ಮ ಭಯ?"

ಹುಡುಗಿ ಯೂನಿಫಾರ್ಮ್ ಎಳೆದುಕೊಂಡು ಕಾಲರ್ ಮಗುಚಿ ತೋರಿಸಿದಳು. ಒಳಗೊಂದು ಬಿಳಿ ಪಟ್ಟಿ. ಅದರ ಮೇಲೆ ಕೆಂಪು ದಾರದಲ್ಲಿ ಅವಳ ಹೆಸರು, ಮನೆ ವಿಳಾಸ, ಫೋನ್ ನಂಬರು.

"ಇದಕ್ಕೆ. ನಾನು ನೀರಲ್ಲಿ ಸತ್ತುಹೋದ್ರೆ ಗುರುತು ಸಿಗ್ಲಿ ಅಂತ ಅಮ್ಮ ಹೊಲ್ದಿದ್ದಾಳೆ. ಬಾಯಲ್ಲಿ ಮಾತ್ರ ಏನೂ ಆಗಲ್ಲ ಅಂತಾಳೆ."

ಟೈಲರಮ್ಮ ಮಷೀನಿನ ಮೇಲೆ ತಲೆಯಿಟ್ಟು ಅತ್ತಳು.

"ದಡದಲ್ಲಿ ನಿಂತಿದ್ದೆ ಸಿಸ್ಟರ್. ಮಕ್ಕಳು ದೋಣಿಗೆ ಇಳೀತಿದ್ರು. ಎಲ್ಲರಿಗೂ ಒಂದೇ ಬಣ್ಣದ ಬಟ್ಟೆ. ಅಷ್ಟನ್ನೂ ಹೊಲ್ದಿದ್ದು ನಾನೇ. ನನ್ನ ಮಗಳು ಯಾವಳು ಅಂತ ನಂಗೇ ಗೊತ್ತಾಗಲಿಲ್ಲ."

"ನಿಮ್ಮ ಭಯ ತಪ್ಪಲ್ಲಮ್ಮ. ಆದ್ರೆ ಬಚ್ಚಿಟ್ರೆ ಮಕ್ಕಳಿಗೆ ಗೊತ್ತಾಗಲ್ಲ ಅಂದುಕೊಂಡ್ರಾ? ಏನೂ ಆಗಲ್ಲ ಅನ್ನೋ ಮಾತನ್ನ ಅವಳು ಹೇಗೆ ನಂಬಬೇಕು?"

ಟೈಲರಮ್ಮನಿಗೆ ಸಿಟ್ಟು ಬಂತು. "ಮತ್ತೇನು ಹೇಳ್ಲಿ? ಇನ್ನು ನೀರು ಬರಲ್ಲ ಅಂತ ನೀವು ಗ್ಯಾರಂಟಿ ಕೊಡ್ತೀರಾ?"

"ಇಲ್ಲ, ಯಾರೂ ಕೊಡೋಕಾಗಲ್ಲ. ಬಂದ್ರೆ ಏನು ಮಾಡ್ತೀವಿ ಅಂತ ಹೇಳಬಹುದಲ್ಲ? ಅದನ್ನ ಕೈಹಿಡಿದು ತೋರಿಸಬಹುದಲ್ಲ? ಮಕ್ಕಳಿಗೆ ಭರವಸೆ ಅಂದ್ರೆ ಅದೇ." ಆಮೇಲೆ ಹುಡುಗಿಯ ಕಡೆ ತಿರುಗಿದರು. "ಅವತ್ತು ಎಲ್ಲಕ್ಕಿಂತ ಹೆಚ್ಚು ಭಯ ಆಗಿದ್ದು ಯಾವಾಗ?"

ಉತ್ತರ ಬರುವ ತನಕ ಸಿಸ್ಟರ್ ಅಲ್ಲಿಂದ ಏಳಲಿಲ್ಲ. "ಮಹಡಿ ಬಾಗಿಲಿಗೆ ಬೀಗ ಇತ್ತು. ಬೀಗದ ಕೈ ಯಾರ ಹತ್ರ ಇದೆ ಅಂತ ಯಾರಿಗೂ ಗೊತ್ತಿರಲಿಲ್ಲ. ಬೀಗ ಒಡೆಯೋ ಹೊತ್ತಿಗೆ ನೀರು ಸೊಂಟದವರೆಗೆ ಬಂದಿತ್ತು."

ಇದನ್ನು ಅಷ್ಟು ದಿನ ಯಾರೂ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ. ಟೈಲರಮ್ಮ ಆಗಲೇ ಕತ್ತರಿ ತೆಗೆದು ಆ ಪಟ್ಟಿ ಬಿಚ್ಚಿಹಾಕಿದಳು.

ಭಾನುವಾರ ಸಿಸ್ಟರ್ ಹೆಡ್‌ಮೇಷ್ಟ್ರಿಗೆ ಹೇಳಿ ಶಾಲೆ ತೆರೆಸಿ, ಬೀದಿಯ ಮಕ್ಕಳನ್ನೂ ಕರೆಸಿದರು. ಗೋಡೆಗಳಲ್ಲಿ ಇನ್ನೂ ಕೆಸರಿನ ವಾಸನೆ. ಶಾಲೆ ನಡೆಯುವಷ್ಟು ಹೊತ್ತು ಮಹಡಿ ಬಾಗಿಲಿಗೆ ಇನ್ನು ಬೀಗ ಹಾಕುವುದಿಲ್ಲ ಎಂದು ಹೆಡ್‌ಮೇಷ್ಟ್ರು ಮಕ್ಕಳ ಎದುರೇ ಹೇಳಿದರು. ತಾಯಿ ಮಗಳು ಕೈಹಿಡಿದು ಮೆಟ್ಟಿಲು ಹತ್ತಿದರು.

ಸೋಮವಾರ ಬೆಳಿಗ್ಗೆ ಹಾಳಾದ ಮೋಡ ಕವಿಯಬೇಕೇ! ಮನೆಯಲ್ಲಿ ಕೂರಲಾಗದೆ ನಾನೂ ಅವರ ಹಿಂದೆ ಹೋದೆ. ಗೇಟಿನ ಹತ್ತಿರ ಹುಡುಗಿ ನಿಂತುಬಿಟ್ಟಳು. ತಲೆಯೆತ್ತಿ ಮೋಡ ನೋಡಿದಳು.

"ಏನೂ..." ಎಂದ ಟೈಲರಮ್ಮ ಅಲ್ಲಿಗೇ ನಿಲ್ಲಿಸಿದಳು. "ನಂಗೂ ಭಯ ಆಗ್ತಿದೆ ಕಣೇ. ಮಳೆ ಜೋರಾದ್ರೆ ನೀನು ಮೇಷ್ಟ್ರ ಜೊತೆ ಮಹಡಿಗೆ ಹೋಗು. ನಾನು ಬಂದೇ ಬರ್ತೀನಿ."

"ಬಾ. ಆದ್ರೆ ನೀರಿಗೆ ಮಾತ್ರ ಇಳೀಬೇಡಮ್ಮ. ನಿಂಗೆ ಈಜು ಬರಲ್ಲ. ನೀನು ದಡದಲ್ಲೇ ನಿಂತಿರು, ನಾನೇ ಮೇಲಿಂದ ಕೈ ಬೀಸ್ತೀನಿ. ಆಗ ಯಾವಳು ನಿನ್ನ ಮಗಳು ಅಂತ ಗೊತ್ತಾಗುತ್ತೆ."

ಹೇಳಿದವಳೇ ಒಳಗೆ ಹೋದಳು. ಮೊದಲ ದಿನ ಅರ್ಧ ದಿನ ಕೂತಳು, ಅಷ್ಟೇ. ಸಾಕು.

ಇದನ್ನು ಓದುತ್ತಿರುವ ಅಮ್ಮಂದಿರೇ, ಅಪ್ಪಂದಿರೇ, ಮೇಷ್ಟ್ರೇ, ಕಷ್ಟ ಕಂಡ ಮಕ್ಕಳನ್ನು ಗದರಿಸಿ ಶಾಲೆಗೆ ಅಟ್ಟಬೇಡಿ. ಏನೂ ಆಗಲ್ಲ ಎಂದು ಬಾಯಿ ಮುಚ್ಚಿಸಲೂ ಬೇಡಿ. ಶಾಲೆ ಶುರುವಾಗುವ ಮೊದಲೇ ಕರೆದುಕೊಂಡು ಹೋಗಿ, ತಪ್ಪಿಸಿಕೊಳ್ಳುವ ದಾರಿ ತೋರಿಸಿ. ವಾರಗಳು ಕಳೆದರೂ ನಿದ್ದೆ, ಊಟ ಸರಿಹೋಗದಿದ್ದರೆ ಆಸ್ಪತ್ರೆಗೆ ಹೋಗಿ ಕೇಳಿ, ಅದರಲ್ಲಿ ನಾಚಿಕೆಯೇನೂ ಇಲ್ಲ. ಎಲ್ಲಕ್ಕಿಂತ ಮೊದಲು, ಇವತ್ತೇ ಮಗುವಿನ ಪಕ್ಕ ಕೂತು ನಿನಗೆ ಯಾವುದಕ್ಕೆ ಭಯ ಎಂದು ಕೇಳಿ. ಉತ್ತರ ಬರುವ ತನಕ ಎದ್ದು ಹೋಗಬೇಡಿ.